ಪಿನ್ನು ಕೂತ ಮಾತ್ರಕ್ಕೆ ಚಾರ್ಜರ್ ಹೊಂದಿತು ಎನ್ನಲಾಗದು

ಬೇರೆ ಕಂಪನಿಯ ಚಾರ್ಜರ್ ಹಾಕಿದರೆ ಮೊಬೈಲ್ ಹಾಳಾಗುತ್ತದೆಯೇ, ಮನೆಯಲ್ಲಿ ಬಿದ್ದಿರುವ ಹಳೆಯ ಅಡಾಪ್ಟರನ್ನು ಹೊಸ ರೌಟರಿಗೆ ಹಾಕಬಹುದೇ ಎಂಬ ಪ್ರಶ್ನೆಗಳಿಗೆ ಒಂದೇ ಮಾತಿನ ಉತ್ತರವಿಲ್ಲ. ತಪ್ಪು ಚಾರ್ಜರಿನಿಂದ ಉಪಕರಣ ಹಾಳಾಗುವುದು ನಿಜ. ಆದರೆ ಜನ ಹೆದರುವ ಕಾರಣಕ್ಕೂ ಉಪಕರಣ ನಿಜವಾಗಿ ಸುಟ್ಟುಹೋಗುವ ಕಾರಣಕ್ಕೂ ಬಹಳ ಅಂತರವಿದೆ. ಮೊಬೈಲಿಗೆ ಹೆಚ್ಚು ವ್ಯಾಟಿನ ಚಾರ್ಜರ್ ಹಾಕಲು ಅಂಜುವವರೇ 12 ವೋಲ್ಟಿನ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರನ್ನು 9 ವೋಲ್ಟಿನ ರೌಟರಿಗೆ ಯಾವ ಅನುಮಾನವೂ ಇಲ್ಲದೆ ಸಿಕ್ಕಿಸುತ್ತಾರೆ. ಮೊದಲನೆಯದರಲ್ಲಿ ಅಪಾಯ ತೀರ ಕಡಿಮೆ, ಎರಡನೆಯದರಲ್ಲಿ ರೌಟರ್ ಉಳಿದರೆ ಅದೇ ದೊಡ್ಡದು.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನ ಊರುಗಳಲ್ಲೂ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಉಪ್ಪುಗಾಳಿ, ತಿಂಗಳುಗಟ್ಟಲೆ ಆರದ ಮಳೆಗಾಲದ ತೇವ, ಸಿಡಿಲು, ಮರದ ಟೊಂಗೆ ಬಿದ್ದು ಹರಿಯುವ ವಿದ್ಯುತ್ ತಂತಿ, ಇವೆಲ್ಲ ಸೇರಿ ಒಳ್ಳೆಯ ಚಾರ್ಜರನ್ನೂ ಕೆಡಿಸಬಲ್ಲವು. ಆದ್ದರಿಂದ ಚಾರ್ಜರ್ ಆರಿಸುವ ಕ್ರಮದ ಜೊತೆಗೆ ಅದನ್ನು ನಮ್ಮ ಹವೆಯಲ್ಲಿ, ನಮ್ಮ ಕರೆಂಟಿನಲ್ಲಿ ಬಳಸುವ ಕ್ರಮವನ್ನೂ ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಯಾವ ಬಗೆಯ ಚಾರ್ಜರ್ ಎಂದು ಗುರುತಿಸುವುದು

ಎಲ್ಲವನ್ನೂ ನಾವು ಚಾರ್ಜರ್ ಎಂದೇ ಕರೆಯುತ್ತೇವಾದರೂ ಕೆಲಸದ ದೃಷ್ಟಿಯಿಂದ ಅವು ಮೂರು ಬಗೆ. ಮೊಬೈಲಿಗೆ ಬಳಸುವ ಯುಎಸ್‌ಬಿ ಚಾರ್ಜರ್ ಒಂದು ಬಗೆ. ರೌಟರ್, ಸೆಟ್‌ಟಾಪ್ ಬಾಕ್ಸ್, ಸಿಸಿ ಕ್ಯಾಮೆರಾ, ಹಳೆಯ ಲ್ಯಾಪ್‌ಟಾಪುಗಳ ಜೊತೆ ಬರುವ ದುಂಡು ಪಿನ್ನಿನ ಅಡಾಪ್ಟರ್ ಇನ್ನೊಂದು. ತೋಟದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಎಲೆಕ್ಟ್ರಿಕ್ ಸ್ಕೂಟರ್ ಮುಂತಾದವುಗಳ ಚಾರ್ಜರ್ ಮೂರನೆಯದು.

ಮೊದಲೆರಡು ಬಗೆಯವು ಬ್ಯಾಟರಿಯನ್ನು ತಾವಾಗಿ ತುಂಬಿಸುವುದಿಲ್ಲ. ಗೋಡೆಯ 230 ವೋಲ್ಟನ್ನು ಇಳಿಸಿ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟನ್ನು ಒಂದೇ ದಿಕ್ಕಿನ ಡಿಸಿ ಮಾಡಿ ಉಪಕರಣದ ಬಾಗಿಲಿಗೆ ತಲುಪಿಸುವುದಷ್ಟೇ ಅವುಗಳ ಕೆಲಸ. ಅಲ್ಲಿಂದ ಮುಂದೆ ಬ್ಯಾಟರಿಗೆ ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಉಪಕರಣದೊಳಗಿನ ಸರ್ಕೀಟು ನೋಡಿಕೊಳ್ಳುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿ ಸುಮಾರು 4.2 ವೋಲ್ಟ್, ಹೊಸ ಮೊಬೈಲುಗಳಲ್ಲಿ ಅದಕ್ಕಿಂತ ತುಸು ಹೆಚ್ಚು ಮುಟ್ಟಿದಾಗ ಚಾರ್ಜಿಂಗ್ ನಿಲ್ಲಿಸುವುದು ಮೊಬೈಲೇ ಹೊರತು ಚಾರ್ಜರ್ ಅಲ್ಲ. ಮೂರನೆಯ ಬಗೆಯಲ್ಲಿ ಮಾತ್ರ ಬ್ಯಾಟರಿ ತುಂಬಿಸುವ ಲೆಕ್ಕಾಚಾರವೇ ಚಾರ್ಜರಿನೊಳಗೆ ಇರುತ್ತದೆ. ಅದರ ಅಪಾಯ ಬೇರೆ ತೂಕದ್ದಾದ್ದರಿಂದ ಅದನ್ನು ಪ್ರತ್ಯೇಕವಾಗಿ ನೋಡೋಣ.

ಎರಡನೆಯ ಹಂತ: ಚೀಟಿಯನ್ನು ಓದುವುದು

ಪ್ರತಿಯೊಂದು ಅಡಾಪ್ಟರಿನ ಮೈಮೇಲೂ ಸಣ್ಣ ಅಕ್ಷರಗಳ ಒಂದು ಚೀಟಿ ಇರುತ್ತದೆ. ಮೊಬೈಲಿನ ಕ್ಯಾಮೆರಾದಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ವಯಸ್ಸಾದವರೂ ಸುಲಭವಾಗಿ ಓದಬಹುದು. ಅದರಲ್ಲಿ ಇನ್‌ಪುಟ್ ಎಂದಿರುವುದು ಗೋಡೆಯಿಂದ ಬರುವ ಕರೆಂಟಿಗೂ, ಔಟ್‌ಪುಟ್ ಎಂದಿರುವುದು ಉಪಕರಣಕ್ಕೆ ಹೋಗುವುದಕ್ಕೂ ಸಂಬಂಧಿಸಿದ್ದು. ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿದ್ದರೆ ನಮ್ಮಲ್ಲಿ ನಿಶ್ಚಿಂತೆಯಿಂದ ಬಳಸಬಹುದು. ಮಳೆಗಾಲದಲ್ಲಿ ವೋಲ್ಟೇಜು 160ಕ್ಕೆ ಇಳಿದರೂ ಇಂಥ ಚಾರ್ಜರ್ ಕೆಲಸ ಮಾಡುತ್ತದೆ, ಅದಕ್ಕೆಂದೇ ಸ್ಟೆಬಿಲೈಸರ್ ಬೇಕಿಲ್ಲ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಸಾಮಾನಿನಲ್ಲಿ ಕೆಲವೊಮ್ಮೆ 120 ವೋಲ್ಟ್ ಎಂದಷ್ಟೇ ಬರೆದಿರುತ್ತದೆ. ಪಿನ್ನು ಬದಲಿಸುವ ಸಾಕೆಟ್ ಹಾಕಿ ಅದನ್ನು ನಮ್ಮ 230 ವೋಲ್ಟಿಗೆ ಸೇರಿಸಿದರೆ ಅದು ಸುಡುವುದು ಬಹುತೇಕ ಖಚಿತ, ಏಕೆಂದರೆ ಆ ಸಾಕೆಟ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ.

ಔಟ್‌ಪುಟ್ ಸಾಲಿನಲ್ಲಿ ನೋಡಬೇಕಾದವು ನಾಲ್ಕು: ವೋಲ್ಟ್, ಆಂಪಿಯರ್, ಎಸಿಯೋ ಡಿಸಿಯೋ ಎಂಬುದು, ಮತ್ತು ಪಿನ್ನಿನ ಪ್ಲಸ್ ಮೈನಸ್ ಯಾವ ಕಡೆಗಿದೆ ಎಂಬುದು. ಇವುಗಳ ಪೈಕಿ ವೋಲ್ಟ್ ಉಪಕರಣದ ಚೀಟಿಯಲ್ಲಿರುವುದಕ್ಕೆ ಸರಿಹೊಂದಲೇಬೇಕು. ಲ್ಯಾಪ್‌ಟಾಪಿಗೆ 19.5ರ ಬದಲು 19 ವೋಲ್ಟ್ ಸಿಕ್ಕರೆ ಚಿಂತೆಯಿಲ್ಲ. ಆದರೆ 5 ವೋಲ್ಟಿನ ಸಾಮಾನಿಗೆ 12 ವೋಲ್ಟ್ ಹೋದರೆ ಅದರ ಬಾಗಿಲಿನಲ್ಲಿರುವ ಕೆಪಾಸಿಟರು, ವೋಲ್ಟೇಜು ನಿಯಂತ್ರಿಸುವ ಚಿಪ್ಪು ಇವು ತಮ್ಮ ಮಿತಿ ದಾಟಿ ಬಿಸಿಯಾಗಿ ಸಿಡಿಯುತ್ತವೆ, ಮತ್ತು ಅದಕ್ಕೆ ಕೆಲವು ಕ್ಷಣಗಳೇ ಸಾಕು. ಕೆಲವು ಉಪಕರಣಗಳಲ್ಲಿ ಹೆಚ್ಚು ವೋಲ್ಟೇಜನ್ನು ತಡೆಯುವ ಭಾಗವಿರುತ್ತದೆಯಾದರೂ ಅಗ್ಗದ ರೌಟರಿನಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ.

ವೋಲ್ಟ್ ಕಡಿಮೆಯಾದರೆ ಕೂಡಲೇ ಸುಡುವುದಿಲ್ಲವೆಂಬುದು ನಿಜ, ಆದರೆ ಹಾನಿ ಇಲ್ಲವೆಂದಲ್ಲ. 12 ವೋಲ್ಟ್ ಬೇಡುವ ರೌಟರಿಗೆ 9 ವೋಲ್ಟ್ ಕೊಟ್ಟರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರಿ ಮತ್ತೆ ಹತ್ತುತ್ತದೆ, ಮನೆಯವರು ಇಂಟರ್ನೆಟ್ ಕೊಡುವವರನ್ನು ಬೈಯುತ್ತಾರೆ. ಹೊರಗಿನ ಹಾರ್ಡ್‌ಡಿಸ್ಕಿಗೆ ಕರೆಂಟು ಸಾಲದೆ ಹೋದರೆ ಅದು ಬರೆಯುತ್ತಿರುವಾಗಲೇ ನಿಂತು ಫೈಲುಗಳು ಕೆಡುತ್ತವೆ. ಉಪಕರಣ ಉಳಿದು ಅದರೊಳಗಿನ ಫೋಟೋಗಳು ಹೋದರೆ ಅದೂ ನಷ್ಟವೇ.

ಆಂಪಿಯರ್ ಹೆಚ್ಚಾದೀತೆಂಬ ಹೆದರಿಕೆಯನ್ನು ಮಾತ್ರ ಪೂರ್ತಿಯಾಗಿ ಬಿಟ್ಟುಬಿಡಬಹುದು. ಅಡಾಪ್ಟರಿನ ಮೇಲಿರುವ ಆಂಪಿಯರ್ ಎಂದರೆ ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಮಿತಿ, ಅಷ್ಟನ್ನೂ ಅದು ಬಲವಂತವಾಗಿ ತಳ್ಳುವುದಿಲ್ಲ. ಬಾವಿಯಲ್ಲಿ ನೀರು ಎಷ್ಟೇ ಇದ್ದರೂ ನಾವು ಸೇದುವುದು ಕೊಡ ತುಂಬುವಷ್ಟನ್ನೇ. ಆದ್ದರಿಂದ 1 ಆಂಪಿಯರ್ ಬೇಡುವ ರೌಟರಿಗೆ ಅದೇ ವೋಲ್ಟಿನ 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಒಳ್ಳೆಯದೇ, ಅಡಾಪ್ಟರ್ ಕಡಿಮೆ ಬಿಸಿಯಾಗುತ್ತದೆ. ತೊಂದರೆ ಬರುವುದು ತಿರುಗುಮುರುಗಾದಾಗ: 2 ಆಂಪಿಯರ್ ಬೇಡುವ ಉಪಕರಣಕ್ಕೆ 1 ಆಂಪಿಯರಿನ ಅಡಾಪ್ಟರ್ ಹಾಕಿದರೆ ಅಡಾಪ್ಟರ್ ತನ್ನ ಶಕ್ತಿ ಮೀರಿ ದುಡಿದು, ಕುದಿಯುವಂತೆ ಬಿಸಿಯಾಗಿ, ಒಂದು ದಿನ ಕೆಟ್ಟುಹೋಗುತ್ತದೆ.

ಪ್ಲಸ್ ಮೈನಸ್ ಗುರುತನ್ನು ಬಹಳ ಜನ ನೋಡುವುದೇ ಇಲ್ಲ. ಚೀಟಿಯಲ್ಲಿ ನಡುವೆ ಒಂದು ಚುಕ್ಕಿ, ಅದರ ಸುತ್ತ ಅರ್ಧಚಂದ್ರದಂತಹ ಗೆರೆ, ಎರಡು ಬದಿಗೆ ಪ್ಲಸ್ ಮತ್ತು ಮೈನಸ್ ಇರುವ ಚಿತ್ರವಿರುತ್ತದೆ. ಚುಕ್ಕಿಗೆ ಸೇರಿರುವ ಗುರುತು ಪಿನ್ನಿನ ಒಳಭಾಗದ್ದು. ರೌಟರುಗಳಲ್ಲಿ ಸಾಮಾನ್ಯವಾಗಿ ಒಳಗೆ ಪ್ಲಸ್ ಇರುತ್ತದೆ; ಗಿಟಾರಿನ ಎಫೆಕ್ಟ್ ಪೆಡಲುಗಳಲ್ಲಿ ಮತ್ತು ಕೆಲವು ಕೀಬೋರ್ಡ್ ವಾದ್ಯಗಳಲ್ಲಿ ಒಳಗೆ ಮೈನಸ್ ಇರುತ್ತದೆ. ಇದು ಅದಲುಬದಲಾದರೆ ರಕ್ಷಣೆಯಿಲ್ಲದ ಸರ್ಕೀಟು ಕ್ಷಣದಲ್ಲಿ ಹೋಗುತ್ತದೆ. ಡಿಸಿಯ ಗುರುತು ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ. ಎಸಿಯದು ಅಲೆಯಂತಹ ಗೆರೆ. ಔಟ್‌ಪುಟ್ಟಿನಲ್ಲೂ ಅಲೆಗೆರೆ ಇರುವ ಅಡಾಪ್ಟರ್ ಸಿಕ್ಕಿದರೆ ಅದು ಬಂದ ಉಪಕರಣಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹಾಕಬೇಡಿ.

ಚೀಟಿ ಅಳಿಸಿಹೋಗಿದ್ದರೆ ಮಲ್ಟಿಮೀಟರಿನಿಂದ ಅಳೆಯಬಹುದು. ಮೀಟರನ್ನು ಡಿಸಿ 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ, ಲ್ಯಾಪ್‌ಟಾಪ್ ಅಡಾಪ್ಟರಾದರೆ 200ಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಿನ್ನಿನ ಒಳಕ್ಕೂ ಕಪ್ಪನ್ನು ಹೊರಮೈಗೂ ತಾಗಿಸಿದಾಗ ಸಂಖ್ಯೆಯ ಮೊದಲು ಮೈನಸ್ ಬಂದರೆ ಒಳಗೆ ಮೈನಸ್ ಇದೆ ಎಂದರ್ಥ. ಎರಡೂ ಕಡ್ಡಿಗಳ ತುದಿ ಒಂದಕ್ಕೊಂದು ತಾಗದಂತೆ ಎಚ್ಚರವಹಿಸಿ. ಕೈಯಲ್ಲಿ ಹಿಡಿದರೆ ಭಾರವೆನಿಸುವ, ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಅಡಾಪ್ಟರುಗಳಲ್ಲಿ 12 ಎಂದು ಬರೆದಿದ್ದರೂ ಖಾಲಿಯಾಗಿ ಅಳೆದಾಗ 16 ಅಥವಾ 17 ತೋರಿಸಬಹುದು. ಆ ವೋಲ್ಟೇಜು ಉಪಕರಣ ಕರೆಂಟು ಎಳೆದಾಗಲಷ್ಟೇ ಇಳಿಯುತ್ತದೆ. ಇಂದಿನ ಸೂಕ್ಷ್ಮ ಉಪಕರಣಗಳಿಗೆ ಇಂಥವನ್ನು ಹಾಕದಿರುವುದೇ ಲೇಸು.

ಮೂರನೆಯ ಹಂತ: ಯುಎಸ್‌ಬಿ ಚಾರ್ಜರ್ ಮತ್ತು ಅದರ ವೈರು

ಯುಎಸ್‌ಬಿಯಲ್ಲಿ ಪರಿಸ್ಥಿತಿ ಹೆಚ್ಚು ನಿರಾಳ. ಇಲ್ಲಿ ಚಾರ್ಜರ್ ಮೊದಲು 5 ವೋಲ್ಟನ್ನಷ್ಟೇ ಕೊಡುತ್ತದೆ ಅಥವಾ ಉಪಕರಣವನ್ನು ಗುರುತಿಸುವವರೆಗೆ ಏನನ್ನೂ ಕೊಡುವುದಿಲ್ಲ. ಬಳಿಕ ಎರಡೂ ಕಡೆಯ ಚಿಪ್ಪುಗಳು ಪರಸ್ಪರ ಸಂಕೇತ ಕಳಿಸಿ ಒಪ್ಪಿಕೊಂಡ ಮೇಲೆ 9, 15 ಅಥವಾ 20 ವೋಲ್ಟಿಗೆ ಏರುತ್ತವೆ. ಪವರ್ ಡೆಲಿವರಿ ಎಂಬ ಈ ಕ್ರಮದ 2021ರ ಆವೃತ್ತಿಯಲ್ಲಿ 48 ವೋಲ್ಟ್, 240 ವ್ಯಾಟ್‌ವರೆಗೂ ಅವಕಾಶವಿದೆ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್). ಆದರೂ 18 ವ್ಯಾಟ್ ಬೇಡುವ ಮೊಬೈಲಿಗೆ ನಿಯಮಕ್ಕೆ ಬದ್ಧವಾದ 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಮೊಬೈಲ್ ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ. ಕೆಲವು ಕಂಪನಿಗಳ ಅತಿವೇಗದ ಚಾರ್ಜಿಂಗ್ ಅವರದೇ ಚಾರ್ಜರ್ ಮತ್ತು ವೈರಿನಲ್ಲಿ ಮಾತ್ರ ನಡೆಯುತ್ತದೆ. ಬೇರೆ ಚಾರ್ಜರ್ ಹಾಕಿದಾಗ ನಿಧಾನವಾಗುವುದು ದೋಷವಲ್ಲ, ಒಪ್ಪಂದ ಕುದುರದೆ ಹೋದದ್ದರ ಫಲ.

ಹಾಗಾದರೆ ಯುಎಸ್‌ಬಿಯಲ್ಲಿ ಹಾನಿ ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಮೊದಲ ಅನುಮಾನ ವೈರಿನ ಮೇಲೆ. ಒಂದು ತುದಿ ಹಳೆಯ ಅಗಲ ಪಿನ್ನು, ಇನ್ನೊಂದು ತುದಿ ಸಿ ಪಿನ್ನು ಇರುವ ವೈರಿನೊಳಗೆ 56 ಕಿಲೋ ಓಮ್‌ನ ಒಂದು ಸಣ್ಣ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ, ಇರಬೇಕೆಂಬುದು ನಿಯಮ. ಅದರ ಬದಲು 10 ಕಿಲೋ ಓಮ್ ಹಾಕಿ ಮಾರಿದ ವೈರುಗಳಿವೆ. ಅಂಥ ವೈರು ಮೊಬೈಲಿಗೆ 3 ಆಂಪಿಯರ್ ಎಳೆಯಬಹುದೆಂದು ಸುಳ್ಳು ಹೇಳುತ್ತದೆ. ಆ ಕಡೆ ಇರುವುದು ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯಾಗಿದ್ದರೆ ಅದು ಅಷ್ಟನ್ನು ಕೊಡಲಾಗದೆ ಹಾಳಾಗಬಹುದು. 60 ವ್ಯಾಟಿಗಿಂತ ಹೆಚ್ಚಿನ ಚಾರ್ಜಿಂಗಿಗೆ ಗುರುತಿನ ಚಿಪ್ಪು ಇರುವ, 5 ಆಂಪಿಯರಿನ ವೈರೇ ಬೇಕು. ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ವೈರಿನಲ್ಲಿ ಒಳಗಿನ ತಾಮ್ರ ಎಷ್ಟಿದೆ ಎಂಬುದು ಕಾಣುವುದಿಲ್ಲ, ಬಿಸಿಯಾದಾಗಲೇ ಗೊತ್ತಾಗುತ್ತದೆ. ವೈರಿನ ತುದಿ ಮುಟ್ಟಲಾಗದಷ್ಟು ಬಿಸಿಯಾದರೆ ಅದನ್ನು ಅಂದೇ ಬಿಡಬೇಕು.

ಇನ್ನೊಂದು ಸಣ್ಣ ವಿಷಯ: ಕೆಲವು ಅಗ್ಗದ ಟಾರ್ಚು, ಸ್ಪೀಕರು, ಟ್ರಿಮ್ಮರುಗಳು ಹಳೆಯ ಪಿನ್ನಿನ ಚಾರ್ಜರಿನಿಂದ ಮಾತ್ರ ಚಾರ್ಜ್ ಆಗುತ್ತವೆ, ಎರಡೂ ಕಡೆ ಸಿ ಪಿನ್ನು ಇರುವ ವೈರಿಗೆ ಸ್ಪಂದಿಸುವುದಿಲ್ಲ. ಅವುಗಳೊಳಗೆ ತಾನು ಯಾರೆಂದು ತಿಳಿಸುವ ರೆಸಿಸ್ಟರನ್ನೇ ಹಾಕಿರುವುದಿಲ್ಲ. ಸಾಮಾನು ಕೆಟ್ಟಿದೆ ಎಂದು ತಿಳಿದು ಎಸೆಯುವ ಮುನ್ನ ಹಳೆಯ ವೈರಿನಲ್ಲಿ ನೋಡಿ.

ನಾಲ್ಕನೆಯ ಹಂತ: ನಕಲಿ ಮತ್ತು ಕೆಟ್ಟ ಚಾರ್ಜರನ್ನು ಪತ್ತೆ ಮಾಡುವುದು

ಇಲ್ಲಿಯವರೆಗೆ ಹೇಳಿದ್ದು ಹೊಂದಾಣಿಕೆಯ ಮಾತು. ಕಳಪೆ ಚಾರ್ಜರಿನ ಮಾತು ಇನ್ನೂ ಗಂಭೀರವಾದದ್ದು, ಏಕೆಂದರೆ ಅಲ್ಲಿ ಪಣಕ್ಕಿರುವುದು ಮೊಬೈಲಲ್ಲ, ಅದನ್ನು ಹಿಡಿದ ಕೈ. ಚಾರ್ಜರಿನೊಳಗೆ 230 ವೋಲ್ಟಿನ ಕಡೆಗೂ ಮೊಬೈಲಿನ ಕಡೆಗೂ ನೇರ ಸಂಪರ್ಕ ಇರಬಾರದು. ಇವೆರಡರ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್, ಅದರ ಸುತ್ತು ಸುತ್ತುಗಳ ನಡುವೆ ಅವಾಹಕ ಪದರ, ಬೋರ್ಡಿನ ಮೇಲೆ ಕೆಲವು ಮಿಲಿಮೀಟರುಗಳ ಖಾಲಿ ಜಾಗ ಇವನ್ನು ಬಿಡಲೇಬೇಕು. ನಕಲಿ ತಯಾರಕರು ಉಳಿಸುವುದು ಇಲ್ಲಿಯೇ. ಒಣ ಊರಿನಲ್ಲಿ ಅಂಥ ಚಾರ್ಜರ್ ಹೇಗೋ ದಿನ ನೂಕಬಹುದು. ಕುಮಟಾ, ಹೊನ್ನಾವರದ ಜುಲೈ ತಿಂಗಳ ತೇವದಲ್ಲಿ, ಒಳಗೆ ಉಪ್ಪಿನ ಪಸೆ ಕೂತ ಬೋರ್ಡಿನಲ್ಲಿ ಆ ಸಣ್ಣ ಅಂತರ ಸಾಲುವುದಿಲ್ಲ.

ಭಾರತದಲ್ಲಿ ಕಡ್ಡಾಯ ನೋಂದಣಿ ಆದೇಶದ ಪ್ರಕಾರ ಇಂಥ ಅಡಾಪ್ಟರುಗಳು ಭಾರತೀಯ ಮಾನಕ ಬ್ಯೂರೋದಲ್ಲಿ (ಬಿಐಎಸ್) ನೋಂದಣಿಯಾಗಿರಬೇಕು. ಚೀಟಿಯಲ್ಲಿ ಬ್ಯೂರೋದ ಗುರುತಿನ ಜೊತೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಗುರುತನ್ನು ಯಾರು ಬೇಕಾದರೂ ಮುದ್ರಿಸಬಹುದಾದ್ದರಿಂದ ಅಷ್ಟಕ್ಕೇ ನಂಬದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಿ. ಅಲ್ಲಿ ಬರುವ ತಯಾರಕರ ಹೆಸರು ಮತ್ತು ಸಾಮಾನು ನಿಮ್ಮ ಕೈಯಲ್ಲಿರುವುದಕ್ಕೆ ತಾಳೆಯಾಗಬೇಕು. ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು, ಮಾಡಲು ಸಂಕೋಚಪಡಬೇಕಾಗಿಲ್ಲ.

ಬಳಕೆಯಲ್ಲಿರುವ ಚಾರ್ಜರ್ ಕೆಡುತ್ತಿದೆ ಎಂಬುದಕ್ಕೂ ಸೂಚನೆಗಳಿವೆ. ಚಾರ್ಜ್ ಆಗುವಾಗ ಮಾತ್ರ ಮೊಬೈಲಿನ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸದೆ ತಾನಾಗಿ ಅತ್ತಿತ್ತ ಒತ್ತಿಕೊಂಡರೆ ಚಾರ್ಜರಿನ ಡಿಸಿ ಶುದ್ಧವಾಗಿಲ್ಲ. ಗುಂಯ್ ಎನ್ನುವ ಸದ್ದು ಹೊಸದಾಗಿ ಶುರುವಾದರೆ, ಪ್ಲಾಸ್ಟಿಕ್ ಹಳದಿಯಾಗಿ ಉಬ್ಬಿದರೆ, ಸುಟ್ಟ ಅಥವಾ ಮೀನಿನಂತಹ ವಾಸನೆ ಬಂದರೆ ಸ್ವಿಚ್ ಆರಿಸಿ ಕೀಳಬೇಕು. ಲೋಹದ ಮೈಯ ಲ್ಯಾಪ್‌ಟಾಪನ್ನು ಮುಟ್ಟಿದಾಗ ಜುಮ್ಮೆನ್ನುವುದು ಬಹುಪಾಲು ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದ್ದರಿಂದ; ಮೂರು ಪಿನ್ನಿನ ಅಡಾಪ್ಟರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಿದರೆ ಹೀಗಾಗುತ್ತದೆ. ಆದರೆ ಮೊಬೈಲ್ ಚಾರ್ಜರಿನಿಂದ ಸ್ಪಷ್ಟವಾಗಿ ಕರೆಂಟು ಹೊಡೆದರೆ ಅದನ್ನು ಇನ್ನೊಮ್ಮೆ ಪರೀಕ್ಷಿಸಲೂ ಹಾಕಬಾರದು. ಒದ್ದೆ ಕಾಲಿನಲ್ಲಿ ನೆಲದ ಮೇಲೆ ನಿಂತು ಚಾರ್ಜಿಗಿಟ್ಟ ಮೊಬೈಲಿನಲ್ಲಿ ಮಾತಾಡುವ ಅಭ್ಯಾಸವನ್ನು ಮಕ್ಕಳಿಗಂತೂ ದಯವಿಟ್ಟು ಬಿಡಿಸಿ.

ಐದನೆಯ ಹಂತ: ಉಪ್ಪು, ತೇವ, ಸಿಡಿಲು

ಮಳೆಯಲ್ಲಿ ನೆನೆದು ಬಂದು, ಅಥವಾ ಕಡಲತೀರದಿಂದ ಬಂದು ಮೊಬೈಲನ್ನು ಕೂಡಲೇ ಚಾರ್ಜಿಗೆ ಹಾಕುವುದರಿಂದ ಕಿಂಡಿಯ ಪಿನ್ನುಗಳು ಕೊಳೆಯುತ್ತವೆ. ತೇವವಿರುವ ಲೋಹಕ್ಕೆ 5 ವೋಲ್ಟ್ ಹರಿದಾಗ ವಿದ್ಯುತ್ ವಿಭಜನೆ ನಡೆದು ಪಿನ್ನಿನ ಮೇಲಿನ ಲೇಪ ಕರಗುತ್ತದೆ, ಉಪ್ಪಿದ್ದರೆ ಇನ್ನೂ ಬೇಗ. ಸಣ್ಣ ಪಿನ್ನೊಂದು ಹಸಿರು ಅಥವಾ ಕಪ್ಪಾಗಿದ್ದರೆ ಕಾರಣ ಇದೇ, ಮತ್ತು ಇದರ ಅಪವಾದ ಹೆಚ್ಚಾಗಿ ಚಾರ್ಜರಿನ ತಲೆಗೆ ಬರುತ್ತದೆ. ಮೊಬೈಲನ್ನು ಕಿಂಡಿ ಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಇಡಿ. ಅಕ್ಕಿಯಲ್ಲಿ ಹುಗಿದರೆ ಕಿಂಡಿಗೆ ಹುಡಿ ಸೇರುವುದೇ ಲಾಭ. ಕಸ ತೆಗೆಯಲು ಮರದ ಕಡ್ಡಿ ಬಳಸಿ, ಸೂಜಿ ಬೇಡ. ಚಾರ್ಜರನ್ನು ಕಿಟಕಿಯ ಪಕ್ಕದ ಸಾಕೆಟ್ಟಿನಲ್ಲಿ ವರ್ಷವಿಡೀ ಬಿಡದೆ ಕಿತ್ತು ಒಣ ಡಬ್ಬಿಯಲ್ಲಿಡುವುದು ಕರಾವಳಿಯ ಮನೆಗಳಿಗೆ ಒಳ್ಳೆಯ ರೂಢಿ.

ತಂತಿಯ ಮೇಲೆ ಮರ ಬಿದ್ದಾಗ ಎಲ್ಲಕ್ಕಿಂತ ಕೆಟ್ಟದ್ದು ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿಯೊಂದೇ ತುಂಡಾಗುವುದು. ಆಗ ಬೇರೆ ಬೇರೆ ಫೇಸಿನ ಮನೆಗಳು ಸುಮಾರು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುವಂತಾಗಿ, ಕಡಿಮೆ ಬಳಕೆಯ ಮನೆಗೆ ಹೆಚ್ಚು ವೋಲ್ಟೇಜು ನುಗ್ಗುತ್ತದೆ. 240 ವೋಲ್ಟಿನ ಮಿತಿಯಿರುವ ಒಳ್ಳೆಯ ಚಾರ್ಜರೂ ಆಗ ಉಳಿಯುವುದಿಲ್ಲ. ಒಂದು ದೀಪ ಕಣ್ಣು ಕುಕ್ಕುವಷ್ಟು ಬೆಳಗಿ, ಪಕ್ಕದ ಮನೆಯಲ್ಲಿ ದೀಪ ಮಂಕಾಗಿದ್ದರೆ ಯೋಚಿಸುತ್ತ ಕೂರದೆ ಮೇನ್ ಸ್ವಿಚ್ ಆರಿಸಿ, ಲೈನ್‌ಮನ್‌ಗೆ ಅಥವಾ ವಿದ್ಯುತ್ ಕಂಪನಿ ಹೆಸ್ಕಾಂನ ಸಹಾಯವಾಣಿ 1912ಕ್ಕೆ ತಿಳಿಸಿ. ಮುಂಗಾರಿಗೆ ಮುನ್ನಿನ ಗುಡುಗು ಮಳೆಯಲ್ಲೂ ಮಳೆಗಾಲ ಮುಗಿಯುವ ಹೊತ್ತಿನಲ್ಲೂ ಗುಡುಗು ದೂರದಲ್ಲಿ ಕೇಳಿದಾಗಲೇ ಚಾರ್ಜರುಗಳನ್ನು, ರೌಟರಿನ ಅಡಾಪ್ಟರನ್ನು ಸಾಕೆಟ್ಟಿನಿಂದ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಸಣ್ಣ ಅಂತರವನ್ನು ಸಿಡಿಲು ಹಾರುತ್ತದೆ. ಸ್ಪೈಕ್ ಗಾರ್ಡ್ ಸಣ್ಣ ಏರಿಳಿತವನ್ನು ತಡೆದೀತು, ಹತ್ತಿರ ಬಿದ್ದ ಸಿಡಿಲನ್ನಲ್ಲ. ಹಾಗೆ ತಡೆದಷ್ಟೂ ಅದರೊಳಗಿನ ಭಾಗ ಸವೆಯುತ್ತದೆ.

ಆರನೆಯ ಹಂತ: ದೋಣಿ, ಲಾರಿ, ಸ್ಪ್ರೇಯರ್

ಬೈತಖೋಲ, ತದಡಿ, ಹೊನ್ನಾವರದ ಕಾಸರಕೋಡು ಬಂದರುಗಳಿಂದ ಹೊರಡುವ ದೊಡ್ಡ ಬೋಟುಗಳಲ್ಲಿ ಮತ್ತು ಲಾರಿಗಳಲ್ಲಿ ಬ್ಯಾಟರಿ 24 ವೋಲ್ಟಿನದಾಗಿರಬಹುದು, ಕಾರಿನಲ್ಲಿ 12. ಕಾರಿಗೆಂದು ಮಾರುವ ಮೊಬೈಲ್ ಚಾರ್ಜರಿನ ಚೀಟಿಯಲ್ಲಿ 12ರಿಂದ 24 ವೋಲ್ಟ್ ಎಂದು ಬರೆದಿದ್ದರೆ ಮಾತ್ರ ಅದನ್ನು ಬೋಟಿನಲ್ಲಿ ಬಳಸಿ. 12ಕ್ಕೆಂದೇ ಮಾಡಿದ್ದು 24ಕ್ಕೆ ಸೇರಿದರೆ ಕೆಡುವಾಗ ತನ್ನೊಂದಿಗೆ ಮೊಬೈಲನ್ನೂ ಒಯ್ಯಬಹುದು. ಸಮುದ್ರದ ನಡುವೆ ಮೊಬೈಲ್ ಇಲ್ಲದಾಗುವುದು ಹಣದ ನಷ್ಟಕ್ಕಿಂತ ದೊಡ್ಡ ಸಂಗತಿ.

ಸ್ಪ್ರೇಯರಿನ ಚಾರ್ಜರ್ ಬಗ್ಗೆ ತೋಟದವರು ವಿಶೇಷ ಎಚ್ಚರ ವಹಿಸಬೇಕು. ಸ್ಪ್ರೇಯರಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಒಳಗಿನ ಬ್ಯಾಟರಿ ಸೀಸ ಆಮ್ಲದ್ದೋ ಲಿಥಿಯಂನದ್ದೋ ಎಂಬುದರ ಮೇಲೆ ಚಾರ್ಜರ್ ಬೇರೆಯಾಗುತ್ತದೆ. ಮೂರು ಕೋಶಗಳ ಲಿಥಿಯಂ ಅಯಾನ್ ಬ್ಯಾಟರಿ 12.6 ವೋಲ್ಟಿಗೆ ತುಂಬುತ್ತದೆ, ಸೀಸದ ಬ್ಯಾಟರಿಯ ಚಾರ್ಜರ್ 14.4 ವೋಲ್ಟಿನವರೆಗೆ ಏರಬಲ್ಲದು. ಪಿನ್ನು ಒಂದೇ ಎಂದು ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಾಕಿದಾಗ, ಬ್ಯಾಟರಿಯೊಳಗಿನ ರಕ್ಷಣಾ ಸರ್ಕೀಟು ಕೈಕೊಟ್ಟರೆ ಬ್ಯಾಟರಿ ಉಬ್ಬಿ ಬೆಂಕಿ ಹೊತ್ತಬಹುದು. ಅಡಕೆ ಸಿಪ್ಪೆ, ಒಣ ಸೊಪ್ಪು, ಗೋಣಿಚೀಲ ತುಂಬಿದ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಚಾರ್ಜಿಗಿಡುವುದು ಸರಿಯಾದ ಚಾರ್ಜರಿನಿಂದಲೂ ಸಲ್ಲದು. ಎಲೆಕ್ಟ್ರಿಕ್ ಸ್ಕೂಟರಿಗೂ ಇದೇ ಮಾತು: 48 ವೋಲ್ಟಿನ ಬ್ಯಾಟರಿಗೆ 60 ವೋಲ್ಟಿನ ಚಾರ್ಜರನ್ನು ಒಂದು ಗಂಟೆಯ ಮಟ್ಟಿಗೂ ಹಾಕಬಾರದು.

ಕೊನೆಯ ಹಂತ: ಏನಾದರೂ ಕೆಟ್ಟಾಗ

ಚಾರ್ಜ್ ಆಗುತ್ತಿಲ್ಲವೆಂದು ಕಂಡಾಗ ಬಹಳಷ್ಟು ಜನ ಅನುಮಾನದ ಚಾರ್ಜರನ್ನು ಮನೆಯ ಇನ್ನೊಂದು ಮೊಬೈಲಿಗೆ ಹಾಕಿ ಪರೀಕ್ಷಿಸುತ್ತಾರೆ. ಇದರಿಂದ ಕೆಟ್ಟ ಚಾರ್ಜರ್ ಎರಡನೆಯ ಮೊಬೈಲನ್ನೂ ತೆಗೆಯಬಹುದು. ಪರೀಕ್ಷೆ ಇದಕ್ಕೆ ತಿರುಗುಮುರುಗಾಗಿ ನಡೆಯಬೇಕು: ಚೆನ್ನಾಗಿದೆ ಎಂದು ಗೊತ್ತಿರುವ, ವೋಲ್ಟ್ ಹೊಂದುವ ಚಾರ್ಜರನ್ನು ಅನುಮಾನದ ಉಪಕರಣಕ್ಕೆ ಹಾಕಿ. ಆಗಲೂ ಆಗದಿದ್ದರೆ ವೈರು ಬದಲಿಸಿ, ನಂತರ ಕಿಂಡಿ ನೋಡಿ, ಆಮೇಲೆ ರಿಪೇರಿಯವರ ಬಳಿ ಹೋಗಿ. ಹೋಗುವಾಗ ಚಾರ್ಜರನ್ನೂ ಒಯ್ಯಿರಿ, ಏಕೆಂದರೆ ಕಾರಣ ತಿಳಿಯದೆ ಮಾಡಿದ ರಿಪೇರಿ ಅದೇ ಚಾರ್ಜರಿಗೆ ಮರುದಿನ ಮತ್ತೆ ಬಲಿಯಾಗುತ್ತದೆ. ಕೆಲವು ಲ್ಯಾಪ್‌ಟಾಪುಗಳು ಬೇರೆ ಕಂಪನಿಯ ಅಡಾಪ್ಟರನ್ನು ಗುರುತಿಸದೆ, ಓಡುತ್ತಿದ್ದರೂ ಬ್ಯಾಟರಿ ಮಾತ್ರ ತುಂಬಿಸುವುದಿಲ್ಲ. ಅದನ್ನು ಬ್ಯಾಟರಿ ಸತ್ತಿತೆಂದು ತಿಳಿದು ಹೊಸ ಬ್ಯಾಟರಿಗೆ ಹಣ ಸುರಿಯಬೇಡಿ.

ಹೊಸ ಅಡಾಪ್ಟರ್ ಮನೆಗೆ ಬಂದ ದಿನವೇ ಅದರ ಮೇಲೆ ಬಿಳಿ ಟೇಪು ಅಂಟಿಸಿ, ಯಾವ ಉಪಕರಣದ್ದು, ಎಷ್ಟು ವೋಲ್ಟ್ ಎಂದು ಮಾರ್ಕರಿನಲ್ಲಿ ಬರೆದಿಡಿ. ಕೆಟ್ಟದ್ದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ಮುನ್ನ, ಸಾಕೆಟ್ಟಿನಿಂದ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಪಿನ್ನಿನ ಕಡೆಯ ವೈರನ್ನು ಕತ್ತರಿಸಿ. ಕತ್ತರಿಸದೆ ಬಿಟ್ಟ ಅಡಾಪ್ಟರನ್ನು ಪಿನ್ನು ಹೊಂದುತ್ತದೆಂದು ಇನ್ನಾರೋ ಎತ್ತಿಕೊಂಡು ತಮ್ಮ ಉಪಕರಣಕ್ಕೆ ಹಾಕುತ್ತಾರೆ.